ಅಕ್ಕ ಹೊಲಿದ ಪಟ್ಟಿ

ಮುಳ್ಳುಬೂಟು ಹಾಕಿಕೊಂಡು ತಾಳೆಮರ ಹತ್ತಬಾರದು ಎಂದು ಆಸ್ಪತ್ರೆಯವರು ಹೇಳಿದ ದಿನದಿಂದ ಗೊಣಗಣ್ಣನಿಗೆ ನೆಮ್ಮದಿ ಇಲ್ಲವಾಯಿತು. ನಿಜ ಹೇಳಬೇಕೆಂದರೆ ಅವನ ನೆಮ್ಮದಿ ಕೆಡಿಸಿದವರು ಆಸ್ಪತ್ರೆಯವರಲ್ಲ, ಅವನ ಅಕ್ಕ.

ಗೊಣಗಣ್ಣ ಎಂಬುದು ಅವನ ಹುಟ್ಟುಹೆಸರಲ್ಲ, ಅದೂ ಅಕ್ಕನೇ ಇಟ್ಟದ್ದು. ತೊದಲು ಮಾತು ಬರುವ ಮೊದಲೇ ತೊಟ್ಟಿಲಲ್ಲಿ ಮಲಗಿಕೊಂಡು ಏನನ್ನೋ ಗೊಣಗುತ್ತಿದ್ದನಂತೆ. ಹೆಸರು ಮನೆಯಿಂದ ಬೀದಿಗೆ ಇಳಿಯಿತು, ಬೀದಿಯಿಂದ ಕೆಲಸದ ಜಾಗಕ್ಕೂ ಬಂತು. ಈಗ ವಯಸ್ಸು ನಲವತ್ತು ದಾಟಿ ಮೀಸೆ ಅಲ್ಲಲ್ಲಿ ಬೆಳ್ಳಗಾಗಿದ್ದರೂ, ಫೋನು ಮಾಡುವ ಅಪರಿಚಿತರು ಸಹ ಬಹಳ ಮರ್ಯಾದೆಯಿಂದ "ಗೊಣಗಣ್ಣ ಅವರಾ?" ಎಂದೇ ಕೇಳುತ್ತಿದ್ದರು.

ಅವನ ಕಸುಬು ಎತ್ತರದ ತಾಳೆಮರಗಳ ಒಣಗರಿ ಸವರುವುದು. ಅಂದಕ್ಕೆಂದು ಕಚೇರಿ, ಕಾಲೇಜು, ಆಸ್ಪತ್ರೆಗಳ ಮುಂದೆ ಸಾಲಾಗಿ ನೆಡುತ್ತಾರಲ್ಲ, ಆ ಮರಗಳು. ಕೆಳಗಿನಿಂದ ನೋಡುವವರಿಗೆ ಗರಿ ಎಂದರೆ ಗರಿ. ಆದರೆ ಒಣಗಿದ ಒಂದು ಗರಿ ಬುಡಸಮೇತ ಕಳಚಿ ಬಿದ್ದರೆ ಕಾರಿನ ಗಾಜು ಪುಡಿಯಾಗುತ್ತದೆ, ತಲೆಯ ಮೇಲೆ ಬಿದ್ದರೆ ಹೇಳುವುದೇ ಬೇಡ. ಅವನು ಹತ್ತುತ್ತಿದ್ದುದು ಮುಳ್ಳುಬೂಟಿನಲ್ಲಿ. ಮೊಣಕಾಲಿನವರೆಗೆ ಕಟ್ಟಿಕೊಳ್ಳುವ ಕಬ್ಬಿಣದ ಪಟ್ಟಿ, ಪಾದದ ಒಳಬದಿಗೆ ಒಂದೊಂದು ಚೂಪಾದ ಮೊಳೆ. ಮೊಳೆಯನ್ನು ಕಾಂಡಕ್ಕೆ ಒದ್ದು ನಾಟಿಸುತ್ತ ಹೋದರೆ ಮೆಟ್ಟಿಲು ಹತ್ತಿದಷ್ಟೇ ಸಲೀಸು.

ಆಸ್ಪತ್ರೆಯ ಗೇಟಿನಿಂದ ಮುಖ್ಯ ಬಾಗಿಲಿನವರೆಗೆ ಎರಡು ಸಾಲು ತಾಳೆಮರಗಳಿದ್ದವು. ಅವುಗಳಲ್ಲಿ ಎರಡು ಮರ ಸುಳಿ ಬಾಗಿಸಿ ಸತ್ತವು. ತೋಟ ನೋಡಿಕೊಳ್ಳುವ ಮೇಡಂ ಸತ್ತ ಮರದ ಒಂದು ಬಿಲ್ಲೆಯನ್ನು ಕೊಯ್ಯಿಸಿ ತಮ್ಮ ಮೇಜಿನ ಮೇಲೆ ಇಟ್ಟುಕೊಂಡು ಗೊಣಗಣ್ಣನನ್ನು ಕರೆಸಿದರು.

"ಈ ತೂತು ನೋಡಿ. ನಿಮ್ಮ ಬೂಟಿಂದು. ಬೇರೆ ಮರ ಆದ್ರೆ ಗಾಯದ ಮೇಲೆ ತೊಗಟೆ ಕೂಡಿಕೊಳ್ಳುತ್ತೆ. ತಾಳೆಗೆ ಕೂಡಲ್ಲ. ಯಾವತ್ತೋ ಚುಚ್ಚಿದ್ದು ಇವತ್ತಿಗೂ ತೂತಾಗೇ ಇದೆ, ಅದರೊಳಗಿಂದಾನೇ ಕೊಳೆ ಹೋಗಿದೆ."

ಗೊಣಗಣ್ಣ ನೀರು ಹೆಚ್ಚಾಯಿತು, ಮಣ್ಣು ಸರಿಯಿಲ್ಲ ಎಂದೆಲ್ಲ ಹೇಳಬೇಕೆಂದು ಬಂದಿದ್ದ. ತೂತಿನಿಂದ ಒಳಕ್ಕೆ ಹರಿದಿದ್ದ ಕಂದು ಗೆರೆಗಳನ್ನು ಕಂಡು ಬಾಯಿ ಮುಚ್ಚಿಕೊಂಡ. ಗೇಟಿನಿಂದ ಬಾಗಿಲಿಗೆ ಹೋಗುವ ಆ ದಾರಿ ಕಿರಿದು, ಕೆಳಗೆ ಚರಂಡಿಯ ಚಪ್ಪಡಿ ಬೇರೆ. ತೊಟ್ಟಿಲಿನಲ್ಲಿ ಜನರನ್ನು ಎತ್ತುವ ಲಾರಿ ಒಳಗೆ ಬರುವಂತಿರಲಿಲ್ಲ. ಮುಳ್ಳಿಲ್ಲದೆ ಹತ್ತುವ ದಾರಿ ಹುಡುಕಿ, ಇಲ್ಲವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು.

ಇಷ್ಟಕ್ಕೇ ಮುಗಿದಿದ್ದರೆ ಅವನು ಹೇಗೋ ಸುಧಾರಿಸಿಕೊಳ್ಳುತ್ತಿದ್ದ. ಮಾಡಿದ ತಪ್ಪೆಂದರೆ, ಆ ಸಂಜೆ ಅಕ್ಕನ ಅಂಗಡಿಯಲ್ಲಿ ಕುಳಿತು ಇದನ್ನು ಹೇಳಿಕೊಂಡದ್ದು.

ಅಕ್ಕನದು ಲಾರಿಯ ಟಾರ್ಪಾಲು, ಡೇರೆ, ಅಂಗಡಿ ಮುಂದಿನ ನೆರಳುಬಟ್ಟೆ ಹೊಲಿಯುವ ಅಂಗಡಿ. ಹೊಲಿಗೆ ಯಂತ್ರ ನಡೆಯುತ್ತಿದ್ದರೆ ಪಕ್ಕದ ಅಂಗಡಿಯ ಗಾಜು ನಡುಗಬೇಕು, ಅಂಥದ್ದು. ಕೊರಳಲ್ಲಿ ಅಳತೆಯ ಟೇಪು, ಬೆರಳಿಗೆ ಗಟ್ಟಿಯಾದ ಗಂಟುಗಳು. ಅವಳು ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡಳು.

"ಮುಳ್ಳು ಬೇಡ ಅಂದ್ರೆ ಪಟ್ಟಿ. ನಾನು ಹೊಲಿದುಕೊಡ್ತೀನಿ."

"ಅದು ಅಷ್ಟು ಸುಲಭ ಅಲ್ಲ ಕಣಕ್ಕ."

"ಗುಡ್ಡದ ರಸ್ತೇಲಿ ಲಾರಿ ಮೇಲಿನ ಸರಕು ಅಲ್ಲಾಡದ ಹಾಗೆ ಕಟ್ಟೋ ಪಟ್ಟಿ ಹೊಲಿಯೋಳು ನಾನು. ನಿನ್ನೊಬ್ಬನ್ನ ಒಂದು ಮರಕ್ಕೆ ಕಟ್ಟೋದು ದೊಡ್ಡ ವಿಷಯಾನಾ?"

ಗೊಣಗಣ್ಣ ತನ್ನ ಫೋನಿನಲ್ಲಿದ್ದ ಒಂದು ಚಿತ್ರ ತೋರಿಸಿದ. ಎಲ್ಲೋ ಯಾರೋ ಬಳಸುವ ಸಲಕರಣೆ. ಮರವನ್ನು ಸುತ್ತುವ ಎರಡು ಕುಣಿಕೆ. ಮೇಲಿನದಕ್ಕೆ ಕೂರಲು ಹಲಗೆ, ಕೆಳಗಿನದಕ್ಕೆ ಕಾಲಿಡಲು ಚೌಕಟ್ಟು. ಕೂತಾಗ ಕಾಲಿನದನ್ನು ಮೇಲಕ್ಕೆ ಎಳೆದುಕೊಳ್ಳುವುದು, ನಿಂತಾಗ ಹಲಗೆಯನ್ನು ಮೇಲಕ್ಕೆ ಸರಿಸುವುದು. ಮೈಭಾರ ಬಿದ್ದರೆ ಕುಣಿಕೆ ಮರವನ್ನು ಕಚ್ಚಿ ಹಿಡಿಯುತ್ತದೆ, ಭಾರ ತೆಗೆದರೆ ಸಡಿಲವಾಗುತ್ತದೆ. ಹುಳು ತೆವಳಿದ ಹಾಗೆ ಹತ್ತಬೇಕು.

ಅಕ್ಕ ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿದಳು. "ಇಷ್ಟೇನಾ" ಎಂದಳು. ಆ ಒಂದು ಮಾತಿನಿಂದ ಗೊಣಗಣ್ಣನ ಕಷ್ಟಕಾಲ ಶುರುವಾಯಿತು.

ಹಳೆಯ ಮಡಿಸುವ ಕುರ್ಚಿಯ ಕೊಳವೆಗಳನ್ನು ಬೆಸೆಸಿ ಚೌಕಟ್ಟು ಮಾಡಿಸಿದಳು. ಲಾರಿಯ ಸರಕು ಬಿಗಿಯುವ ಅಗಲ ಪಟ್ಟಿಯನ್ನು ಮೂರು ಪದರ ಹೊಲಿದು, ಮರ ತರಚದಂತೆ ಒಳಮೈಗೆ ಹಳೇ ಟೈರಿನ ರಬ್ಬರು ಕೂರಿಸಿದಳು. ಕೆಲಸ ಚೊಕ್ಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲನೆಯ ಪಟ್ಟಿಯಲ್ಲಿ ಗೊಣಗಣ್ಣ ಆಳೆತ್ತರ ಹತ್ತಿದ್ದೇ ತಡ, ರಬ್ಬರು ಜಾರಿ, ಬಹಳ ದಿನಕ್ಕೆ ಸಿಕ್ಕ ನೆಂಟನನ್ನು ತಬ್ಬಿದ ಹಾಗೆ ಮರವನ್ನು ತಬ್ಬಿಕೊಂಡೇ ನೆಲಕ್ಕೆ ಬಂದ. ಗಲ್ಲದ ಚರ್ಮ ಕಿತ್ತುಹೋಯಿತು.

"ನೀನು ನೆಟ್ಟಗೆ ಕೂತಿರಲ್ಲ" ಎಂದಳು ಅಕ್ಕ.

ಎರಡನೆಯದು ಎಷ್ಟು ಕಚ್ಚಿಕೊಂಡಿತೆಂದರೆ ಕದಲಿಸಲು ಸುತ್ತಿಗೆ ಬೇಕಾಯಿತು. "ಅಷ್ಟು ಭಾರ ಹಾಕು ಅಂತ ಯಾರು ಹೇಳಿದ್ರು? ಸ್ವಲ್ಪ ಊಟ ಕಮ್ಮಿ ಮಾಡು" ಎಂದಳು. ಪ್ರತಿ ಸಲವೂ ಕೆಲಸದ ನಡುವೆ ಫೋನು: ಹೇಗಿತ್ತು, ಎಷ್ಟು ಹತ್ತಿದೆ, ಕಾಲು ಎಲ್ಲಿಟ್ಟೆ, ಸೊಂಟ ಹೇಗಿಟ್ಟೆ. ಇಷ್ಟೆಲ್ಲ ಕೇಳುವವಳು ಒಂದು ದಿನವೂ ಅವನು ಮರ ಹತ್ತುವುದನ್ನು ನೋಡಲು ಬಂದವಳಲ್ಲ. ಬಲ್ಬು ಬದಲಿಸಲು ಸ್ಟೂಲು ಹತ್ತಬೇಕಾದರೂ ಗಂಡನನ್ನು ಕರೆಯುತ್ತಿದ್ದಳು. ಅಂಥವಳು ಯಂತ್ರದ ಮುಂದೆ ಕೂತು, ಮೇಲೆ ಹೇಗಿರಬೇಕು ಎಂದು ಇಡೀ ಆಯುಷ್ಯ ಮರದ ಮೇಲೆ ಕಳೆದವನಿಗೆ ಹೇಳಿಕೊಡುವುದು ಅವನ ಮೈ ಉರಿಸುತ್ತಿತ್ತು.

ಮೂರನೆಯದು ಕೈಕೊಟ್ಟ ಮಧ್ಯಾಹ್ನ ಅವನು ಸೀದಾ ಅಂಗಡಿಗೆ ಬಂದು, ಪಟ್ಟಿಗಳನ್ನು ಅವಳ ಮುಂದೆ ಧೊಪ್ಪೆಂದು ಹಾಕಿದ.

"ಅಕ್ಕ, ಮರ ಕೆಳಗಿಂದ ಮೇಲಿನವರೆಗೂ ಒಂದೇ ದಪ್ಪ ಇರಲ್ಲ. ನಡುವೆ ಹೊಟ್ಟೆ ಬಂದಿರುತ್ತೆ. ಅಲ್ಲಿ ಬಿಗಿ ಆಗುತ್ತೆ, ಅದನ್ನ ದಾಟಿದ ಮೇಲೆ ಸಡಿಲ. ದಾಟೋವಾಗ ಬಕಲ್ ಬಿಗಿ ಮಾಡ್ಬೇಕು. ಬಕಲ್ ಇರೋದು ಮರದ ಆ ಕಡೆ. ನನ್ನ ಕೈಗೆ ಸಿಗಲ್ಲ."

"ಬಕಲ್ ಯಾವಾಗ್ಲೂ ಹೊರಗಡೆನೇ ಇರ್ಬೇಕು. ಇಲ್ದಿದ್ರೆ ಸರಕಿಗೆ ಒತ್ತುತ್ತೆ."

"ನಾನು ಸರಕಲ್ಲ."

"ಕೈ ಚಾಚೋಕೆ ಏನು ದಾಡಿ ನಿನಗೆ? ಚಿಕ್ಕಂದಿನಿಂದಲೂ ಅಷ್ಟೇ, ತಟ್ಟೆ ಕೈಗೆ ಬರಬೇಕು, ನೀರು ಬಾಯಿಗೆ ಬರಬೇಕು. ಇಷ್ಟಕ್ಕೂ ಮರ ಕಂಬದ ಹಾಗಿದೆ ಅಂತ ಅಳತೆ ಕೊಟ್ಟವನು ನೀನೇ."

"ಕಂಬದ ಹಾಗೆ ಅಂದ್ರೆ ಕಂಬಾನಾ? ಮಾತಿಗೆ ಹೇಳಿದ್ದು."

"ಮಾತಿಗೆ ಹೇಳಿದ್ದಕ್ಕೆ ಮಾತಿನ ಪಟ್ಟಿ ಹೊಲಿದಿದ್ದೀನಿ."

ಗೊಣಗಣ್ಣನಿಗೆ ತಲೆ ಗಿರ್ರೆಂದಿತು. "ಹಾಗಾದ್ರೆ ನೀನೇ ಹತ್ತು. ಕೂತಲ್ಲೇ ಕೂತು ಹೇಳೋದಲ್ಲ. ಬಂದು ಹತ್ತು, ಕೈ ಚಾಚು, ನೋಡ್ತೀನಿ."

ಅಕ್ಕ ಯಂತ್ರ ನಿಲ್ಲಿಸಿದಳು. ಪಕ್ಕದ ಅಂಗಡಿಯ ಗಾಜಿನ ಸದ್ದೂ ನಿಂತಿತು. ಮೂಲೆಯಲ್ಲಿ ಟಾರ್ಪಾಲಿನ ಮಡಿಕೆಯ ಮೇಲೆ ಕೂತು ಪೇಪರು ಓದುತ್ತಿದ್ದ ಭಾವ ತಲೆ ಎತ್ತಿದರು.

"ಆಯ್ತು" ಎಂದಳು ಅಕ್ಕ. "ನಾಳೆ ಬೆಳಗ್ಗೆ ಬಂದು ಕರ್ಕೊಂಡು ಹೋಗು."

ಗೊಣಗಣ್ಣ ಭಾವನ ಮುಖ ನೋಡಿದ, ಅವರಾದರೂ ಬೇಡ ಎನ್ನಲಿ ಎಂದು. ಭಾವ ಪೇಪರಿನ ಹಾಳೆ ಮಗುಚಿದರು. "ನಿಮ್ಮಿಬ್ಬರ ಮಧ್ಯೆ ನಾನು ಬರಲ್ಲಪ್ಪ" ಎಂದರು.

ರಾತ್ರಿ ಕಳೆದರೆ ಮನಸ್ಸು ಬದಲಾಗುತ್ತದೆ ಎಂದುಕೊಂಡಿದ್ದ. ಬೆಳಗ್ಗೆ ಹೋದರೆ ಅಕ್ಕ ಭಾವನ ಹಳೇ ಪ್ಯಾಂಟು ತೊಟ್ಟು, ಸೊಂಟಕ್ಕೆ ಟಾರ್ಪಾಲಿನ ತುಂಡು ಬಿಗಿದು, ಹೊಲಿಗೆಯ ಚೀಲ ಮಡಿಲಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಇಬ್ಬರೂ ವ್ಯಾನು ಹತ್ತಿದರು. ಬೇಡ ಬಿಡು ಎಂದು ಅವನು ಹೇಳುವಂತಿಲ್ಲ, ಬೇಡ ಎಂದು ಅವಳು ಹೇಳುವವಳಲ್ಲ. ವ್ಯಾನು ಮಾತ್ರ ಗೇರು ಬದಲಿಸಿದಾಗಲೆಲ್ಲ ನರಳುತ್ತಿತ್ತು.

ಗೇಟಿನ ಹತ್ತಿರದ ಮೊದಲ ಮರವನ್ನೇ ಆರಿಸಿಕೊಂಡ. ನಾಲ್ಕು ಹೆಜ್ಜೆ ಹತ್ತಿ ಇಳಿಯುತ್ತಾಳೆ, ಬಾಯಿ ಮುಚ್ಚುತ್ತದೆ ಎಂಬುದು ಅವನ ಲೆಕ್ಕ. ಅದೇ ಮೂರನೆಯ ಪಟ್ಟಿಯ ಎರಡೂ ಕುಣಿಕೆಗಳನ್ನು ಮರಕ್ಕೆ ಸುತ್ತಿ, ಅಕ್ಕನಿಗೆ ಹೆಲ್ಮೆಟ್ಟು ಹಾಕಿಸಿದ. ಸೊಂಟದ ರಕ್ಷಣಾಪಟ್ಟಿಯನ್ನು ಮರಕ್ಕೆ ಸುತ್ತಿ ಕೊಂಡಿ ಹಾಕಿ ಎರಡು ಸಲ ಜಗ್ಗಿ ನೋಡಿದ. ಗರಗಸ ಮೇಲಕ್ಕೆ ಎಳೆದುಕೊಳ್ಳುವ ತೆಳು ಹಗ್ಗವನ್ನು ಅಭ್ಯಾಸಬಲದಿಂದ ಅವಳ ಬೆಲ್ಟಿಗೂ ಕಟ್ಟಿದ. ಹಲಗೆಯನ್ನೂ ಕಾಲಿನ ಚೌಕಟ್ಟನ್ನೂ ಸೇರಿಸುವ ಜೋಡುದಾರ ಕಟ್ಟಲು ಹೋದರೆ ಅಕ್ಕ ಕೈ ತಳ್ಳಿದಳು. "ಅದು ಕಾಲಿಗೆ ತೊಡರುತ್ತೆ. ಬಿಡು."

"ಅದು ಇರ್ಲೇಬೇಕು."

"ಹತ್ತೋದು ನಾನಾ ನೀನಾ?"

ಅವನು ಹಲ್ಲು ಕಚ್ಚಿಕೊಂಡು ಬಿಟ್ಟ.

ಅಕ್ಕ ಹತ್ತಿದಳು. ಐವತ್ತು ದಾಟಿದ ಹೆಂಗಸು, ತೂಕದಲ್ಲಿ ತಮ್ಮನಿಗಿಂತ ಕಡಿಮೆ ಏನಲ್ಲ. ಕೂತಳು, ಕಾಲೆಳೆದಳು, ನಿಂತಳು, ಹಲಗೆ ಸರಿಸಿದಳು. ಕಣ್ಣು ಕಾಂಡದ ಮೇಲೆ, ತುಟಿ ಬಿಗಿ. ನಾಲ್ಕು ಹೆಜ್ಜೆ ಆಯಿತು, ನಿಲ್ಲಲಿಲ್ಲ. ಆಳೆತ್ತರ ದಾಟಿದಳು, ನಿಲ್ಲಲಿಲ್ಲ. ಗೊಣಗಣ್ಣ ಕೆಳಗಿನಿಂದ "ಸಾಕಕ್ಕ, ಗೊತ್ತಾಯ್ತಲ್ಲ, ಇಳಿ" ಎಂದ. ಅವಳು ಹಲಗೆಯನ್ನು ಮತ್ತೊಮ್ಮೆ ಮೇಲಕ್ಕೆ ಸರಿಸಿದಳು. ಕತ್ತೆತ್ತಿ ನೋಡನೋಡುತ್ತಲೇ ಅಕ್ಕನ ಚಪ್ಪಟೆ ಬೂಟಿನ ಅಡಿಗಳು ಮೊದಲ ಮಹಡಿಯ ಕಿಟಕಿಯ ಮಟ್ಟ ಬಿಟ್ಟು ಮೇಲೆ ಹೋದವು.

ಮರದ ಹೊಟ್ಟೆ ಬಂತು. ಅಲ್ಲಿ ಪಟ್ಟಿ ಬಿಗಿಯಾಯಿತು. ಅವಳು ಏದುಸಿರು ಬಿಡುತ್ತ ಹೇಗೋ ಹಲಗೆಯನ್ನು ಅದರಾಚೆ ದಾಟಿಸಿದಳು. ಆಚೆ ಮರ ತೆಳುವು, ಹಲಗೆ ಸಡಿಲಾಗಿ ಮುಂದಕ್ಕೆ ವಾಲಿತು. ಅದರ ಮೇಲೆ ಕೂತು ಕಾಲಿನ ಚೌಕಟ್ಟನ್ನೂ ಎಳೆದು ದಾಟಿಸಿದಳು. ಅದರ ಮೇಲೆ ಕಾಲೂರಿದಳು. ಅಗಲವಾಗಿದ್ದ ಕುಣಿಕೆ ಮರವನ್ನು ಕಚ್ಚಲಿಲ್ಲ. ಚೌಕಟ್ಟು ಸರ್ರನೆ ಜಾರಿ, ಹೊಟ್ಟೆ ದಾಟಿ, ಮರದುದ್ದಕ್ಕೂ ಗಲಗಲ ಎನ್ನುತ್ತ ಗೊಣಗಣ್ಣನ ಕಾಲ ಬುಡಕ್ಕೆ ಬಂದು ಬಿತ್ತು.

ಅಕ್ಕ ಉಳಿದದ್ದು ವಾಲಿದ ಹಲಗೆಯ ಮೇಲೆ, ಸೊಂಟದ ಪಟ್ಟಿಗೆ ಒರಗಿ, ಎರಡು ಕಾಲೂ ಗಾಳಿಯಲ್ಲಿ.

"ಅಕ್ಕ" ಎಂದು ಕೂಗಿದ.

"ಕೂಗಬೇಡ. ಕೇಳಿಸುತ್ತೆ."

"ಅಲ್ಲಾಡಬೇಡ. ಪಟ್ಟಿ ಹಿಡ್ಕೋ. ಕೆಳಗೆ ನೋಡಬೇಡ."

"ನೋಡಾಯ್ತು" ಎಂದಳು ಅಕ್ಕ.

ಆಸ್ಪತ್ರೆಯ ಏಣಿ ತಂದು ಒರಗಿಸಿದರು. ಅರ್ಧಕ್ಕೂ ಮುಟ್ಟಲಿಲ್ಲ. ಗೊಣಗಣ್ಣ ಭಾವನಿಗೆ ಫೋನು ಮಾಡಿದ. ಭಾವ ಪೂರ್ತಿ ಕೇಳಿಸಿಕೊಂಡು, "ಹತ್ತಿಸಿದವನು ನೀನು, ನೀನೇ ಇಳಿಸು. ನಾನು ಬಂದ್ರೆ ಅವಳು ನನ್ನ ಮೇಲೂ ರೇಗ್ತಾಳೆ" ಎಂದರು. ಆಮೇಲೆ ಸ್ವಲ್ಪ ತಡೆದು, "ಬರ್ತಿದ್ದೀನಿ" ಎಂದು ಇಟ್ಟರು.

ಅಷ್ಟರಲ್ಲಿ ತೋಟದ ಮೇಡಂ ಬಂದರು. "ಯಾರದು ಮೇಲೆ?"

"ನಮ್ಮಕ್ಕ."

"ನಿಮ್ಮಕ್ಕಂದೂ ಇದೇ ಕೆಲಸಾನಾ?"

"ಇಲ್ಲ ಮೇಡಂ. ಟೈಲರ್."

ಮೇಡಂ ಅವನನ್ನು ನೋಡಿದ ರೀತಿಗೆ ಅವನು ನಾಚಿಕೆಯಿಂದ ಭೂಮಿಗೆ ಇಳಿದುಹೋದ. ಬೇರೇನೂ ತೋಚದೆ ವ್ಯಾನಿನಿಂದ ಮುಳ್ಳುಬೂಟು ತಂದು ಕೂತು ಕಟ್ಟಿಕೊಳ್ಳತೊಡಗಿದ. ಮೇಡಂ ಬೂಟು ನೋಡಿದರು, ಮೇಲೆ ನೋಡಿದರು. "ಹಾಕ್ಕೊಳ್ಳಿ. ಮರದ ವಿಷಯ ಆಮೇಲೆ" ಎಂದರು.

ಇಷ್ಟು ಸುಲಭದಲ್ಲಿ ಮುಗಿಯಬಹುದಿತ್ತು. ಆದರೆ ಮೇಲಿದ್ದವಳು ಅವನ ಅಕ್ಕ.

"ಏನೋ ಅದು ಕಾಲಿಗೆ ಕಟ್ತಿರೋದು?"

"ಬರ್ತಿದ್ದೀನಿ, ಸುಮ್ನಿರು."

"ಆ ಬೂಟಲ್ಲಿ ಬಂದ್ರೆ ನಾನು ಇಳಿಯಲ್ಲ."

"ಅಕ್ಕ, ಮೇಡಂ ಒಪ್ಪಿದ್ದಾರೆ."

"ಮೇಡಂ ಒಪ್ಪಿದ್ರೆ ಮರಕ್ಕೆ ತೂತು ಬೀಳಲ್ವಾ? ಇಷ್ಟು ದಿನ ಕಣ್ಣು ಕೆಡಿಸ್ಕೊಂಡು ಹೊಲಿದಿದ್ದು ಯಾಕೆ ನಾನು? ಮೊದಲನೇ ಮರಕ್ಕೇ ಮೊಳೆ ಹೊಡೆಯೋಕಾ? ಬಿಚ್ಚು ಅದನ್ನ. ಆ ಚೌಕಟ್ಟನ್ನ ಹಗ್ಗಕ್ಕೆ ಕಟ್ಟು. ನನ್ನ ಚೀಲ ಕಟ್ಟು."

"ಚೀಲ ಯಾಕೆ?"

"ಬಕಲ್ ಈ ಕಡೆಗೆ ಹೊಲಿಯೋಕೆ."

ಗೊಣಗಣ್ಣ ಮೇಡಂ ಕಡೆ ತಿರುಗಿದ. ಲೋಕದಲ್ಲಿ ಒಬ್ಬರಾದರೂ ತನ್ನ ಪಾಡು ನೋಡಲಿ ಎಂಬ ಹಾಗೆ. ಮೇಡಂ ಫೋನು ಕಿವಿಗಿಟ್ಟುಕೊಂಡು ಅಗ್ನಿಶಾಮಕದವರ ಜೊತೆ ಮಾತಾಡುತ್ತಿದ್ದರು. ಬೇರೆಲ್ಲೋ ಹೋಗಿದ್ದಾರಂತೆ, ಬರುವುದು ತಡವಂತೆ. ಬೇರೆ ದಾರಿಯಿರಲಿಲ್ಲ. ಬೂಟು ಬಿಚ್ಚಿದ. ಬಿದ್ದ ಚೌಕಟ್ಟನ್ನು ಮರದಿಂದ ಬಿಡಿಸಿ, ಅದಕ್ಕೂ ಚೀಲಕ್ಕೂ ಹಗ್ಗ ಬಿಗಿದ. ಅಕ್ಕ ಕೈಮೇಲೆ ಕೈ ಹಾಕಿ ಎಳೆದುಕೊಂಡಳು. ಹಲಗೆ ಮತ್ತಷ್ಟು ವಾಲಿತು. ಅವನು ಎರಡೂ ಕೈ ಮೇಲೆತ್ತಿ ನಿಂತ, ಬಿದ್ದರೆ ಹಿಡಿಯುವವನ ಹಾಗೆ. ಬಿದ್ದರೆ ಹಿಡಿಯಲಾಗುವುದಿಲ್ಲ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೈ ಇಳಿಸಲು ಆಗಲಿಲ್ಲ.

ಮೇಲೆ ಅಕ್ಕ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಚೀಲದಿಂದ ಒಂದು ಬಕಲ್ ಹುಡುಕಿ, ದಬ್ಬಣಕ್ಕೆ ಮೇಣದ ದಾರ ಪೋಣಿಸಲು ಹೋದಳು. ಮೊದಲ ಸಲ ದಾರ ತಪ್ಪಿತು. ಎರಡನೇ ಸಲವೂ ತಪ್ಪಿತು. ಮೂರನೇ ಸಲ ದಾರದ ತುದಿಯನ್ನು ನಾಲಗೆಗೆ ಸೋಕಿಸಿ ಪೋಣಿಸಿದಳು. ಒಂದು ಹೊಲಿಗೆ ಬಿದ್ದ ಮೇಲೆ ಕೈ ಸರಾಗವಾಯಿತು. ಬೆರಳುಗಳಿಗೆ ತಾವೆಲ್ಲಿದ್ದೇವೆ ಎಂಬುದು ಮರೆತುಹೋದ ಹಾಗಿತ್ತು.

ಎರಡನೇ ಮಹಡಿಯ ಕಿಟಕಿಯಲ್ಲಿ ಕೈಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ಅಜ್ಜಿ ಬಂದು ನಿಂತರು. ಅಕ್ಕನಿಗೂ ಅವರಿಗೂ ನಡುವೆ ಒಂದು ಕೋಣೆಯಷ್ಟು ದೂರ. ಇಬ್ಬರೂ ಬೀದಿಯ ಎದುರುಬದುರು ಮನೆಯವರ ಹಾಗೆ ಮಾತಿಗೆ ಶುರುವಿಟ್ಟರು. ಕೆಳಗಿದ್ದವನಿಗೆ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. "...ಬಚ್ಚಲಲ್ಲಿ ಜಾರಿ..." ಎಂದರು ಅಜ್ಜಿ. "...ನಮ್ಮ ಅತ್ತೆಗೂ ಹೀಗೇ..." ಎಂದಳು ಅಕ್ಕ. ಆಮೇಲೆ ಇಬ್ಬರೂ ಕೆಳಗೆ ನೋಡಿ ನಕ್ಕರು.

"ಏನಂತೆ?" ಎಂದ ಗೊಣಗಣ್ಣ.

"ನಿನಗೆ ಸಂಬಂಧಪಟ್ಟಿದ್ದಲ್ಲ."

"ಅಕ್ಕ, ಎರಡು ಹೊಲಿಗೆ ಹಾಕಿ ಇಳಿ. ಸಾಕು."

"ಎರಡು ಹೊಲಿಗೆಯಂತೆ ಅಜ್ಜಿ, ಕೇಳಿದ್ರಾ. ಇದರ ಮೇಲೆ ನಾಳೆ ನಿಲ್ಲೋನು ಇವನೇ."

ಅವಳು ಅವಸರ ಮಾಡಲಿಲ್ಲ. ಹೋದ ದಾರಿಯಲ್ಲೇ ಹಿಂದೆ ಬಂದು, ಅಡ್ಡಕ್ಕೊಂದು ಸಾಲು ಹಾಕಿ, ಗಂಟು ಬಿಗಿದು, ಹಲ್ಲಿನಿಂದ ದಾರ ಕಡಿದಳು. ಗೊಣಗಣ್ಣನಿಗೆ ಕತ್ತು ಹಿಡಿದುಕೊಂಡಿತ್ತು. ಬೆವರು ಕಣ್ಣಿಗೆ ಇಳಿದು ಉರಿಯುತ್ತಿತ್ತು. ಮರದ ಮೇಲಿರುವುದು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಮೇಲಿದ್ದರೆ ಮಾಡಲು ಏನಾದರೂ ಇರುತ್ತದೆ: ಕಾಲು, ಕೈ, ಗರಗಸ, ಮುಂದಿನ ಗರಿ. ಕೆಳಗೆ ಮಾಡಲು ಏನೂ ಇಲ್ಲ. ಮೇಲೆ ನಿಮ್ಮವರೊಬ್ಬರು ನೇತಾಡುತ್ತಿದ್ದಾರೆ, ನೀವು ನೋಡುತ್ತ ನಿಂತಿದ್ದೀರಿ, ಅಷ್ಟೇ. ಈ ಕೆಲಸ ಇಷ್ಟು ಕೆಟ್ಟದ್ದೆಂದು ಅವನಿಗೆ ಇಂದಿನವರೆಗೆ ಗೊತ್ತಿರಲಿಲ್ಲ. ಅಕ್ಕನ ಮೇಲಿನ ಸಿಟ್ಟು ನೆತ್ತಿಗೇರಿತು. ಅವಳು ಕೆಳಗಿಳಿದ ತಕ್ಷಣ ಏನೇನು ಹೇಳಬೇಕೆಂದು ಒಂದೊಂದೇ ಮಾತು ಜೋಡಿಸಿಕೊಳ್ಳತೊಡಗಿದ.

ಅಕ್ಕ ಚೌಕಟ್ಟನ್ನು ಮರಕ್ಕೆ ಸುತ್ತಿ, ಈಗ ಎದೆಯ ಮುಂದೆಯೇ ಇದ್ದ ಬಕಲನ್ನು ಎಳೆದು ಬಿಗಿ ಮಾಡಿ, ಕಾಲಿನಿಂದ ಕೆಳಕ್ಕೆ ತಳ್ಳಿದಳು. ಅದರ ಮೇಲೆ ಮೆಲ್ಲನೆ ಭಾರ ಬಿಟ್ಟಳು. ಕಚ್ಚಿತು. ಎದ್ದು ನಿಂತಳು. ಕಿಟಕಿಯಲ್ಲಿ ಅಜ್ಜಿ ಒಂದೇ ಕೈಯಿಂದ ಕಿಟಕಿಯ ಚೌಕಟ್ಟಿಗೆ ತಟ್ಟಿ ಚಪ್ಪಾಳೆ ಹಾಕಿದರು.

ಇಳಿಯುವುದು ಹತ್ತುವುದಕ್ಕಿಂತ ನಿಧಾನ. ಹಲಗೆಯ ಬಕಲ್ ಇನ್ನೂ ಹಿಂದೆಯೇ ಇದ್ದುದರಿಂದ ಹೊಟ್ಟೆಯ ಕೆಳಗೂ ಅದು ವಾಲುತ್ತಿತ್ತು, ಅವಳು ಕೂತದ್ದಕ್ಕಿಂತ ನೇತಾಡಿದ್ದೇ ಹೆಚ್ಚು. ದಾರಿಯುದ್ದಕ್ಕೂ ಪಟ್ಟಿಯನ್ನು, ಮರವನ್ನು, ಭಾವನ ಪ್ಯಾಂಟನ್ನು ಸರದಿಯಂತೆ ಬೈಯುತ್ತ ಬಂದಳು. ಕಾಲು ನೆಲಕ್ಕೆ ಸೋಕಿದ ಮೇಲೆ ಮರದ ಬುಡದಲ್ಲೇ ಕೂತಳು. ಮುಖ ಬಿಳಿಚಿಕೊಂಡಿತ್ತು. ಅಂಗೈಯಲ್ಲಿ ದಬ್ಬಣ ಒತ್ತಿದ ಕೆಂಪು ಗುಳಿ.

ಜೋಡಿಸಿಟ್ಟ ಮಾತುಗಳನ್ನೆಲ್ಲ ಬಿಟ್ಟು ಗೊಣಗಣ್ಣ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟ.

ಅವಳು ಕುಡಿದು, ಬಾಯಿ ಒರೆಸಿಕೊಂಡು, ಹೊಸದಾಗಿ ಏನನ್ನೋ ಕಂಡುಹಿಡಿದವಳ ಹಾಗೆ ಹೇಳಿದಳು: "ಬಕಲ್ ಮುಂದೇನೇ ಇರ್ಬೇಕು ಕಣೋ. ಹಿಂದಿದ್ರೆ ಕೈಗೆ ಸಿಗಲ್ಲ."

"ಅದನ್ನೇ ಅಲ್ವಾ ನಾನು ನಿನ್ನೆ..."

"ನೀನು ಸರಿಯಾಗಿ ಹೇಳ್ಲಿಲ್ಲ."

ಅವನು ವ್ಯಾನಿನ ಬಾಗಿಲಿಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತ.

ಭಾವ ಬಂದಾಗ ಎಲ್ಲ ಮುಗಿದಿತ್ತು. ಅವರು ಹೆಂಡತಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಪ್ಯಾಂಟಿನ ಮಂಡಿ ಹರಿದಿದೆ ಎಂದಷ್ಟೇ ಹೇಳಿದರು. ಅವರ ಕೈ ಮಾತ್ರ ಅವಳ ಹೆಗಲ ಮೇಲೆ ಹೋಗಿ ಕೂತಿತು, ವ್ಯಾನು ಹತ್ತುವವರೆಗೂ ಅಲ್ಲಿಂದ ಏಳಲಿಲ್ಲ. ಮೇಡಂ ಅಗ್ನಿಶಾಮಕದವರಿಗೆ ಬೇಡವೆಂದು ಹೇಳಿ, ಮರದ ಕಾಂಡವನ್ನು ಸುತ್ತ ಬಂದು ಕೈಯಾಡಿಸಿ ನೋಡಿದರು. ಒಂದು ಗೀರೂ ಇರಲಿಲ್ಲ.

"ಪಟ್ಟಿ ಒಳ್ಳೇದಿದೆ. ಆದ್ರೆ ನಾಳೆಯಿಂದ ಹತ್ತೋರು ನೀವೊಬ್ಬರೇ" ಎಂದರು ಗೊಣಗಣ್ಣನಿಗೆ.

ವಾಪಸು ಬರುವಾಗ ಅಕ್ಕ ಮುಂದಿನ ಸೀಟಿನಲ್ಲಿ ಕೂತು ಹೊರಗೆ ನೋಡುತ್ತಿದ್ದಳು. ಮಾರುಕಟ್ಟೆಯ ತಿರುವು ದಾಟಿದ ಮೇಲೆ ಕೇಳಿದಳು.

"ದಿನಾ ಅಷ್ಟು ಮೇಲೆ ಇರ್ತೀಯಾ ನೀನು?"

"ಅಷ್ಟಲ್ಲಕ್ಕ. ನೀನು ಹತ್ತಿದ್ದು ಅರ್ಧ."

ಹಿಂದೆ ಕೂತಿದ್ದ ಭಾವ ಕೆಮ್ಮಿದರು. ಅಂಗಡಿ ಬರುವವರೆಗೆ ಅವಳ ಕಡೆಯಿಂದ ಒಂದು ಮಾತೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎಂದು ಗೊಣಗಣ್ಣನಿಗೆ ಅನ್ನಿಸಿತು. ಅಮ್ಮ ತೀರಿಕೊಂಡ ಮೇಲೆ ಅವನಿಗೆ ಅನ್ನ ಕಲಸಿಕೊಟ್ಟವಳು, ಮೊದಲ ಸಲ ಮರ ಹತ್ತುವ ಕೆಲಸಕ್ಕೆ ಹೊರಟಾಗ ಬಾಗಿಲವರೆಗೂ ಬಾರದೆ ಒಳಗೇ ಉಳಿದವಳು. ಇಷ್ಟು ವರ್ಷ ಅವಳು ಯಾಕೆ ಒಂದು ದಿನವೂ ನೋಡಲು ಬರಲಿಲ್ಲ ಎಂಬುದನ್ನು ಅವನು ಈ ಬೆಳಗ್ಗೆ ಕತ್ತೆತ್ತಿ ನಿಂತು ತಿಳಿದುಕೊಂಡಿದ್ದ. ಅದನ್ನು ಬಾಯಿಬಿಟ್ಟು ಹೇಳುವ ರೂಢಿ ಅವರ ಮನೆಯಲ್ಲಿ ಇರಲಿಲ್ಲ.

ಅಂದೇ ಮಧ್ಯಾಹ್ನ ಅಕ್ಕ ಹಲಗೆಯ ಬಕಲನ್ನೂ ಮುಂದಕ್ಕೆ ತಂದಳು. ಜೋಡುದಾರದ ಬದಲು ಅಗಲವಾದ ಪಟ್ಟಿಯನ್ನೇ ಹೊಲಿದು ಹಲಗೆಗೂ ಚೌಕಟ್ಟಿಗೂ ಶಾಶ್ವತವಾಗಿ ಸೇರಿಸಿದಳು. ತಾನೇ ಜೋಡುದಾರ ಬೇಡವೆಂದು ತಳ್ಳಿದ ಮಾತನ್ನು ಅವಳೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಆಮೇಲೆ ಸೊಂಟಕ್ಕೆ ಇನ್ನೊಂದು ರಕ್ಷಣಾಪಟ್ಟಿ ಹೊಲಿದಳು. ಒಂದಿದೆಯಲ್ಲ ಎಂದ ಅವನು. ಒಂದಿದೆ, ಗೊತ್ತಿದೆ ಎಂದಳು ಅವಳು.

ಮರುದಿನ ಬೆಳಗ್ಗೆ ವ್ಯಾನು ಹೊರಡಿಸಲು ಬಂದರೆ ಅಕ್ಕ ಮುಂದಿನ ಸೀಟಿನಲ್ಲಿ ಕೂತಿದ್ದಳು, ಟೀ ಫ್ಲಾಸ್ಕಿನ ಸಮೇತ.

"ಮೇಡಂ ಹತ್ತಬೇಡ ಅಂದಿದ್ದಾರೆ" ಎಂದ.

"ನೋಡಬೇಡ ಅಂದಿಲ್ಲ."

ಪಟ್ಟಿ ಅವನನ್ನು ಹೊಟ್ಟೆ ದಾಟಿಸಿತು. ಎದೆಯ ಮುಂದಿನ ಬಕಲನ್ನು ಎರಡು ಸಲ ಜಗ್ಗಿದ್ದಕ್ಕೆ ಕುಣಿಕೆ ಕಿರಿದಾಗಿ ಮರವನ್ನು ಹಿಡಿಯಿತು. ಹಲಗೆ ಇಸ್ತ್ರಿ ಮಾಡಿಟ್ಟ ಹಾಗೆ ಸಮನಾಗಿ ನಿಂತಿತು. ಹಲವು ವಾರಗಳ ನಂತರ ಮೊದಲ ಸಲ ಅವನು ಮರದ ತಲೆಯವರೆಗೆ ಹೋಗಿ, ಗರಗಸ ಎಳೆದುಕೊಂಡು, ಒಣಗರಿಯ ಬುಡಕ್ಕೆ ಹಲ್ಲು ಇಟ್ಟ. ಗರಿ ಕಳಚಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಹುಲ್ಲಿನ ಮೇಲೆ ಹೋಗಿ ಬಿತ್ತು. ಗಾಳಿ ತಂಪಾಗಿತ್ತು. ಆಸ್ಪತ್ರೆಯ ತಾರಸಿಯ ಮೇಲೆ ಒಣಹಾಕಿದ ಬಿಳಿ ಹಾಸುಬಟ್ಟೆಗಳೆಲ್ಲ ಕಾಣುತ್ತಿದ್ದವು. ಅಬ್ಬಾ, ಇಲ್ಲಿಗೆ ಯಾರ ಮಾತೂ ಕೇಳಿಸುವುದಿಲ್ಲ ಎಂದುಕೊಂಡ.

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಗರಗಸವನ್ನು ಕೊಂಡಿಗೆ ಸಿಕ್ಕಿಸಿ, ಕೈಗವಸು ಕಳಚಿ, ತೆಗೆದು ನೋಡಿದ. ಅಕ್ಕ.

"ಎಡಗಾಲು ಇನ್ನೊಂಚೂರು ಮುಂದೆ ಇಡು" ಎಂದಳು. "ಭಾರ ಒಂದೇ ಕಡೆ ಬೀಳ್ತಿದೆ. ಹೊಲಿಗೆ ಒಂದು ಕಡೆ ಮಾತ್ರ ಎಳ್ಕೊಳ್ಳುತ್ತೆ."

"ಅಕ್ಕ, ನಾನು ಹುಟ್ಟಿದಾಗಿನಿಂದ..."

"ಹುಟ್ಟಿದಾಗ ಯಾರು ಎತ್ತಿಕೊಂಡಿದ್ದು ಅಂತ ಗೊತ್ತು. ಕಾಲು ಮುಂದೆ ಇಡು."

ಅವನು ಕೆಳಗೆ ನೋಡಿದ. ಹುಲ್ಲಿನ ನಡುವೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನಿಂತ ಒಂದು ಚಿಕ್ಕ ಆಕೃತಿ. ಅವನು ಎಡಗಾಲನ್ನು ಒಂಚೂರು ಮುಂದೆ ಇಟ್ಟ. ಅಷ್ಟು ಹೊತ್ತೂ ಕೇಳುತ್ತಿದ್ದ ಹಲಗೆಯ ಕಿರ್ ಕಿರ್ ಸದ್ದು ತಟ್ಟನೆ ನಿಂತುಹೋಯಿತು.

"ಸರಿ ಆಯ್ತಾ?" ಎಂದಳು ಅಕ್ಕ.

"ಇಲ್ಲ" ಎಂದು ಗೊಣಗಿ, ಗೊಣಗಣ್ಣ ಎರಡನೇ ಗರಿಗೆ ಗರಗಸ ಹಾಕಿದ.